ಟಗರಿಗೂ ಒಂದು ಸರದಿ

ಕಾಗದದ ಮೇಲಿದ್ದ ಒಂದು ಟಗರಿಗಾಗಿ ನಾನು ಮೂವರು ಗಂಡಸರ ಜೊತೆ ವಾರಗಟ್ಟಲೆ ಜಗಳವಾಡಿದ್ದೇನೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅಂಥದೇ ಸಂದರ್ಭ ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಆಡುತ್ತೇನೆ.

ಆಗ ನನಗೆ ಇಪ್ಪತ್ತಮೂರು ವರ್ಷ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ಗಾಜಿನ ಕೊಳವೆಗಳಿಗೆ ಸ್ಯಾಂಪಲ್ ಹಾಕಿ, ಬಣ್ಣ ನೋಡಿ, ರಿಜಿಸ್ಟರಿನಲ್ಲಿ ಬರೆಯುವುದು. ನಮ್ಮ ಹಳ್ಳಿ ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿಗೆ ಹತ್ತಿರ. ದಿನಾ ಓಡಾಡುವುದು ಕಷ್ಟವೆಂದು ನಂಜನಗೂಡಿನಲ್ಲೇ ಒಂದು ವಠಾರದಲ್ಲಿ ಕೋಣೆ ಹಿಡಿದಿದ್ದೆ. ನಮ್ಮ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನು. ಭಾನುವಾರ ರಜೆ. ಬಟ್ಟೆ ಒಗೆದು, ತಲೆಗೆ ನೀರು ಹಾಕಿಕೊಂಡರೆ ಮುಂದೆ ಇಡೀ ದಿನ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ.

ಒಂದು ದಿನ ಕ್ಯಾಂಟೀನಿನಲ್ಲಿ ಮೆಂಟೆನೆನ್ಸ್ ವಿಭಾಗದ ಎಂಜಿನಿಯರ್ ಒಬ್ಬರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗ್ರಾಫ್ ಹಾಳೆಯ ಮೇಲೆ ಏನೋ ಗೀಚುತ್ತ ಕುಳಿತಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು, ಅಷ್ಟೆ.

“ಏನ್ ಸಾರ್ ಇದು, ಹೊಸ ಪೈಪ್‌ಲೈನಾ?” ಎಂದೆ.

“ಪೈಪ್‌ಲೈನ್ ಅಲ್ಲ ಕಣ್ರೀ. ಪಾಳುಗುಡಿ ಕೆಳಗಿನ ಸುರಂಗ. ಇದರೊಳಗೆ ಏಳು ಜನ ಕಳ್ಳರಿದಾರೆ, ಒಂದು ಹೆಬ್ಬಾವಿದೆ,” ಎಂದರು, ಸ್ವಲ್ಪವೂ ನಗದೆ.

ಹಾಗೆ ಆ ಆಟದ ಪರಿಚಯವಾಯಿತು. ಅದು ಕತೆ ಕಟ್ಟುತ್ತ ಆಡುವ ಆಟ. ಒಬ್ಬರು ಕತೆ ನಡೆಸುತ್ತಾರೆ, ಅವರೇ ತೀರ್ಪುಗಾರರು. ಅವರನ್ನು ಮಾಸ್ಟರ್ ಎನ್ನುತ್ತಾರೆ. ಮಿಕ್ಕವರು ಒಬ್ಬೊಬ್ಬರೂ ಹಾಳೆಯ ಮೇಲೆ ಒಂದೊಂದು ಪಾತ್ರ ಬರೆದುಕೊಳ್ಳುತ್ತಾರೆ: ಬಲ ಎಷ್ಟು, ಓಟ ಎಷ್ಟು, ಕೈಯಲ್ಲಿ ಯಾವ ಆಯುಧ. ‘ನಾನು ಬಾಗಿಲು ಒದೆಯುತ್ತೇನೆ’ ಎಂದು ಆಟಗಾರ ಹೇಳಿದರೆ, ಬಾಗಿಲು ಮುರಿಯಿತೋ ಕಾಲು ಮುರಿಯಿತೋ ಎನ್ನುವುದನ್ನು ಒಂದು ಅಂಕಿ ತೀರ್ಮಾನಿಸುತ್ತದೆ. ಬೇರೆ ಕಡೆ ಅದಕ್ಕೆ ಇಪ್ಪತ್ತು ಮುಖದ ದಾಳ ಇರುತ್ತದಂತೆ. ನಮ್ಮಲ್ಲಿ ಅದು ಎಲ್ಲಿ ಸಿಗಬೇಕು? ಅಂಕಿ ಕೂಗಿ ಆಡುವ ಹೌಸಿ ಆಟದ ಬಿಲ್ಲೆಗಳಲ್ಲಿ ಒಂದರಿಂದ ಇಪ್ಪತ್ತರವರೆಗಿನವನ್ನು ಒಂದು ಬಟ್ಟೆ ಚೀಲಕ್ಕೆ ಹಾಕಿ, ಕೈಹಾಕಿ ಒಂದನ್ನು ತೆಗೆಯುತ್ತಿದ್ದೆವು. ದೊಡ್ಡ ಅಂಕಿ ಬಂದಷ್ಟೂ ಒಳ್ಳೆಯದು.

ಆಡುತ್ತಿದ್ದದ್ದು ಒಬ್ಬ ಗಣಿತದ ಮೇಷ್ಟ್ರ ಮನೆಯ ಹಜಾರದಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಮೇಷ್ಟ್ರ ಮನೆಯವರೆಲ್ಲ ತಲೆಮಾರಿನಿಂದ ಪೂಜೆಯಲ್ಲಿದ್ದವರು. ಇವರೊಬ್ಬರು ಮಾತ್ರ ಸ್ಕೂಲಿಗೆ ಸೇರಿದ್ದರು. ಇನ್ನೊಬ್ಬರು ನಮ್ಮ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ದಪ್ಪ ಮೀಸೆಯ ಮನುಷ್ಯ. ಕತೆ ನಡೆಸುವ ಮಾಸ್ಟರು ಆ ಎಂಜಿನಿಯರೇ. ನಾಲ್ಕನೆಯವಳು ನಾನು. ನಿಯಮಗಳಿದ್ದದ್ದು ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ. ಪುಸ್ತಕವೆಂದರೆ ಜೆರಾಕ್ಸ್ ಮಾಡಿ ಸ್ಪೈರಲ್ ಹಾಕಿಸಿದ್ದು. ಮಾಸ್ಟರು ಅದನ್ನು ಕಾಲೇಜಿನ ದಿನಗಳಿಂದ ಕಾಪಾಡಿಕೊಂಡು ಬಂದಿದ್ದರು.

ನಾನು ಕಾಡಿನಲ್ಲಿ ಬೆಳೆದ ಬೇಟೆಗಾತಿಯನ್ನು ಆರಿಸಿಕೊಂಡೆ. ಬಿಲ್ಲು, ಇಪ್ಪತ್ತು ಬಾಣ, ಒಂದು ಚೂರಿ. ಅಂಥವರ ಜೊತೆ ಒಂದು ಪ್ರಾಣಿ ಇರಬಹುದು, ಅದು ಯುದ್ಧದಲ್ಲೂ ನೆರವಾಗುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಮಾಸ್ಟರು ಪಟ್ಟಿ ಓದಿದರು. ತೋಳ, ಕರಡಿ, ಗಿಡುಗ, ಚಿರತೆ, ನಾಯಿ, ಹಾವು.

“ನಂಗೆ ಟಗರು ಬೇಕು,” ಎಂದೆ.

ಮೂವರೂ ಜೋರಾಗಿ ನಕ್ಕರು.

“ಕುರೀನಾ?” ಎಂದರು ಸ್ಟೋರ್ಸಿನವರು. “ರಾಕ್ಷಸ ಬಂದಾಗ ಅದು ಏನ್ಮಾಡುತ್ತೆ, ಬ್ಯಾ ಅನ್ನುತ್ತಾ?”

“ಕೊಂಬಿನ ಟಗರಾದ್ರೆ ಏನೋ ಮಾಡಬಹುದು,” ಎಂದರು ಮಾಸ್ಟರು, ಪುಟ ತಿರುವುತ್ತ. “ಕೊಂಬಿನ ಏಟಿಗೆ ಲೆಕ್ಕ ಇದೆ.”

“ಕೊಂಬಿಲ್ಲ. ಬನ್ನೂರು ಟಗರು. ಗಿಡ್ಡ ಕಾಲು, ಬಿಳಿ ಮೈ, ಮುಖದ ಮೇಲೆ ಕಂದು ಮಚ್ಚೆ.”

“ಬನ್ನೂರು ಕುರಿ ಬಾಡೂಟಕ್ಕೆ ಕಣಮ್ಮ, ಯುದ್ಧಕ್ಕಲ್ಲ,” ಎಂದು ಸ್ಟೋರ್ಸಿನವರು ತೊಡೆ ತಟ್ಟಿಕೊಂಡು ನಕ್ಕರು.

ನಾನು ನಗಲಿಲ್ಲ. ಅವರು ನೋಡದೆ ಇದ್ದದ್ದನ್ನು ನಾನು ನೋಡಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹನ್ನೆರಡು. ನಮ್ಮವ್ವ ಕೂಲಿಗೆ ಹೋಗುತ್ತಿದ್ದಳು, ಜೊತೆಗೆ ಐದಾರು ಕುರಿ ಸಾಕಿದ್ದಳು. ಸಾಕುವುದೆಂದರೆ ಮುದ್ದಿಗಲ್ಲ. ಮರಿ ಬೆಳೆದರೆ ಬನ್ನೂರು ಸಂತೆಗೆ ಹೊಡೆಯುತ್ತಿದ್ದೆವು, ಹಬ್ಬಕ್ಕೆ ನಾವೂ ಕಡಿದು ತಿನ್ನುತ್ತಿದ್ದೆವು. ಒಂದನ್ನು ಮಾತ್ರ ಬೀಜಕ್ಕೆಂದು ಉಳಿಸಿಕೊಂಡಿದ್ದೆವು. ನೆಲಕ್ಕೆ ಹತ್ತಿದ ಹಾಗಿದ್ದ ಗಿಡ್ಡ ಕಾಲುಗಳು, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಗುಡಾಣದಂಥ ಮೈ. ನೋಡಿದವರೆಲ್ಲ ಎಷ್ಟು ಕೆಜಿ ಬಾಡು ಸಿಕ್ಕೀತು ಎಂದೇ ಅಂದಾಜು ಮಾಡುತ್ತಿದ್ದರು.

ಊರಿನ ದೊಡ್ಡ ಜಮೀನಿನ ಮನೆಯಲ್ಲಿ ಬೀಗರ ಊಟ ಇತ್ತು. ಆ ಮನೆಯ ಮಗ, ಮೂವತ್ತರ ಪ್ರಾಯದವನು, ನಮ್ಮ ಟಗರನ್ನು ಕೇಳಿದ್ದ. ಅವ್ವ ಬೀಜದ ಟಗರು ಕೊಡಲ್ಲ ಅಂದಿದ್ದಳು. ಕೊಡಲ್ಲ ಎಂಬ ಮಾತು ಅವನಿಗೆ ಅರ್ಥವಾಗಲಿಲ್ಲವೋ ಏನೋ, ಅವ್ವ ನಾಟಿಗೆ ಹೋಗಿದ್ದ ಹೊತ್ತಿನಲ್ಲಿ ಹಗ್ಗ ಹಿಡಿದು ಬಂದ. ಮನೆ ಮುಂದೆ ನಾನೊಬ್ಬಳೇ ಇದ್ದೆ.

“ನಿಮ್ಮವ್ವಂಗೆ ಆಮೇಲ್ ಏಳ್ತೀನಿ, ಬುಡು ಮಗ,” ಎಂದು ಟಗರಿನ ಕೊರಳಿಗೆ ಹಗ್ಗ ಹಾಕಿ ಎಳೆದ.

ಟಗರು ಅಲ್ಲಾಡಲಿಲ್ಲ. ಅವನು ಎರಡೂ ಕೈಯಲ್ಲಿ ಎಳೆದ. ಅದು ಕಾಲೂರಿ ನಿಂತೇ ಇತ್ತು. ಆಮೇಲೆ ನಿಧಾನವಾಗಿ ಹಿಂದೆ ಹಿಂದೆ ಹೋಗತೊಡಗಿತು. “ನೋಡು, ಎದ್ರಿಕೊಂಡ್ ಓಯ್ತಾ ಅದೆ,” ಎಂದು ಅವನು ನಕ್ಕು ಹಗ್ಗ ಸಡಿಲ ಬಿಟ್ಟ. ಅದು ಹತ್ತು ಹೆಜ್ಜೆ ಹಿಂದೆ ಹೋಯಿತು. ತಲೆ ತಗ್ಗಿಸಿತು. ಆಮೇಲೆ ನಡೆದದ್ದನ್ನು ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಿದೆ. ಗುಡಾಣ ಉರುಳಿ ಬಂದ ಹಾಗೆ ಬಂದು ಅವನ ತೊಡೆಗೆ ಹಣೆಯಿಂದ ಗುದ್ದಿತು. ಅವನು ಹಗ್ಗದ ಸಮೇತ ತಿಪ್ಪೆಯೊಳಗೆ ಮಕಾಡೆ ಬಿದ್ದ.

ನಾನು ಒಂದು ಮಾತೂ ಆಡಿರಲಿಲ್ಲ. ಹೊಡಿ ಅನ್ನಲಿಲ್ಲ, ಬಿಡು ಅನ್ನಲಿಲ್ಲ. ಹೊಡೆಯಬೇಕೆಂದು ಅದಕ್ಕೇ ಅನ್ನಿಸಿತ್ತು, ಅದು ಹೊಡೆದಿತ್ತು.

ಸಂಜೆ ಆ ಮನೆಯ ಇಬ್ಬರು ಹಿರಿಯರು ಬಂದು, ಆ ಟಗರು ಊರಿಗೆ ಅಪಾಯ, ಕಡಿಯಲೇಬೇಕು ಎಂದರು. ಅವ್ವ ಕೆಸರಿನ ಕಾಲಿನಲ್ಲೇ ಹೊರಗೆ ಬಂದಳು.

“ನನ್ ಮನೆ ಮುಂದೆ ನನ್ ಟಗರಿಗೆ ಅಗ್ಗ ಆಕು ಅಂತ ಯಾರ್ ಕರುದ್ರು ಅವರ್ನ? ಅದು ತೆಪ್ಪು ಮಾಡಿಲ್ಲ. ನಾನು ಕಡಿಯಾಕಿಲ್ಲ,” ಎಂದಳು.

ಆ ವರ್ಷ ಆ ಮನೆಯವರು ಅವ್ವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವ್ವ ಪಕ್ಕದ ಊರಿನ ಕಬ್ಬಿನ ಗದ್ದೆಗೆ ನಡೆದುಹೋಗಿ ಬಂದಳು. ಟಗರು ಮಾತ್ರ ಇನ್ನೂ ಆರು ವರ್ಷ ನಮ್ಮ ಮನೆ ಮುಂದೆಯೇ ಇತ್ತು. ನಮ್ಮಲ್ಲಿ ವಯಸ್ಸಾಗಿ ಸತ್ತ ಕುರಿ ಎಂದರೆ ಅದೊಂದೇ.

ಇದನ್ನೆಲ್ಲ ಆ ಭಾನುವಾರ ನಾನು ಹೇಳಲಿಲ್ಲ. ಟಗರು ಬೇಕು ಎಂದಷ್ಟೇ ಹಟ ಹಿಡಿದೆ. ಕೊನೆಗೆ ಮಾಸ್ಟರು, “ಆಯ್ತು, ನಾಯಿಗೆ ಕೊಟ್ಟಿರೋ ಅಂಕಿಗಳನ್ನೇ ಇದಕ್ಕೂ ಇಟ್ಕೊಳ್ಳಿ,” ಎಂದರು. ನಾಯಿಯ ಓಟ, ನಾಯಿಯ ಬಲ, ಟಗರಿನ ಹೆಸರು. ಸಿಟ್ಟು ಬಂದರೂ ಒಪ್ಪಿಕೊಂಡೆ.

ನಿಜವಾದ ಜಗಳ ಶುರುವಾದದ್ದು ಮೊದಲ ಯುದ್ಧದಲ್ಲಿ. ಸುರಂಗದ ಬಾಯಲ್ಲಿ ಕಳ್ಳರು ಎದುರಾದರು. ಯುದ್ಧದಲ್ಲಿ ಎಲ್ಲರಿಗೂ ಒಂದೊಂದು ಸರದಿ, ಒಂದು ಸುತ್ತಿನಲ್ಲಿ ಒಬ್ಬರು ಒಂದು ಕೆಲಸ ಮಾಡಬಹುದು. ನನ್ನ ಸರದಿ ಬಂತು. ಬಾಣ ಬಿಟ್ಟೆ, ತಗುಲಿತು.

“ಈಗ ನನ್ನ ಟಗರು,” ಎಂದೆ.

“ಇಲ್ಲ, ನಿಮ್ಮ ಸರದಿ ಮುಗೀತು,” ಎಂದರು ಮಾಸ್ಟರು. “ಪ್ರಾಣಿಗೆ ಅಪ್ಪಣೆ ಕೊಡೋದೇ ಒಂದು ಕೆಲಸ. ನೀವು ಬಾಣ ಬಿಟ್ರೆ ಅದು ಸುಮ್ನೆ ನಿಂತಿರುತ್ತೆ. ಅದು ಹೊಡೀಬೇಕು ಅಂದ್ರೆ ನೀವು ಸುಮ್ನಿರಬೇಕು.”

“ಅದರ ಎದುರಿಗೇ ಕತ್ತಿ ಹಿಡಿದು ಒಬ್ಬ ನಿಂತಿದಾನೆ ಸಾರ್.”

“ನಿಂತಿರಲಿ. ನೀವು ಹೇಳೋವರೆಗೂ ಅದು ಏನೂ ಮಾಡಲ್ಲ. ಹೇಳಿದ್ರೂ ಕಲಿಸಿರೋ ಪಾಠ ಮಾತ್ರ ಮಾಡುತ್ತೆ. ಹೊಡಿ, ಕಾಯಿ, ಬಾ. ಮೂರೇ. ರೂಲ್ ಇರೋದೇ ಹಾಗೆ.”

ಅವರು ಪುಟ ತೆಗೆದು ತೋರಿಸಿದರು. ಹಾಗೇ ಇತ್ತು. ಅದೇ ಪುಟದ ಕೆಳಗೆ ಇನ್ನೊಂದು ಮಾತಿತ್ತು. ಪ್ರಾಣಿ ಸತ್ತರೆ ಒಂದು ದಿನ ಕಾಡಿನಲ್ಲಿ ಕೂತು ಪ್ರಾರ್ಥನೆ ಮಾಡಿದರೆ ಅಂಥದೇ ಇನ್ನೊಂದು ಬರುತ್ತದೆ.

ನನಗೆ ಮೈಯೆಲ್ಲ ಉರಿಯಿತು. ಯಾರೋ ಎಲ್ಲೋ ಕುಳಿತು, ಒಂದು ಜೀವ ಕತ್ತಿಯ ಎದುರು ನಿಂತು ಅಪ್ಪಣೆಗೆ ಕಾಯುತ್ತದೆ ಎಂದು ಅಚ್ಚು ಹಾಕಿಸಿಬಿಟ್ಟಿದ್ದಾರೆ. ಅದನ್ನು ಇಲ್ಲಿ ಮೂವರು ಓದುಬರಹ ಕಲಿತವರು ತಲೆದೂಗಿ ಒಪ್ಪುತ್ತಿದ್ದಾರೆ.

ಆ ವಾರ ಲ್ಯಾಬಿನ ಹಾಳಾದ ರಿಜಿಸ್ಟರೊಂದರ ಹಿಂಬದಿಯ ಹಾಳೆಯಲ್ಲಿ ನಾನೇ ನಿಯಮ ಬರೆದೆ. ಟಗರಿಗೆ ಅದರದೇ ಸರದಿ ಇರಬೇಕು. ಹೊಡೆಯಬೇಕಾದರೆ ಹಿಂದೆ ಹತ್ತು ಹೆಜ್ಜೆ ಜಾಗ ಬೇಕು, ಇಕ್ಕಟ್ಟಿನಲ್ಲಿ ಅದು ಹೊಡೆಯಲಾರದು. ಅದು ಹೊಡೆದರೆ ನಾಯಿ ಕಚ್ಚಿದ್ದರ ಎರಡರಷ್ಟು ಪೆಟ್ಟು, ಎದುರಿನವನು ಬೀಳಲೂಬಹುದು. ಅದರ ಸರದಿಯಲ್ಲಿ ತೆಗೆದ ಬಿಲ್ಲೆಯಲ್ಲಿ ಐದು ಅಥವಾ ಅದಕ್ಕಿಂತ ಕಡಿಮೆ ಬಂದರೆ ಟಗರಿಗೆ ಮನಸ್ಸಿಲ್ಲ ಎಂದರ್ಥ. ಆಗ ಯಾರು ಏನು ಹೇಳಿದರೂ ಅದು ಹೊಡೆಯುವುದಿಲ್ಲ. ಸತ್ತರೆ ಸತ್ತಿತು, ಇನ್ನೊಂದು ಬರುವುದಿಲ್ಲ.

ಮುಂದಿನ ಭಾನುವಾರ ಆ ಹಾಳೆಯನ್ನು ಮೇಜಿನ ಮೇಲಿಟ್ಟೆ. ಮಾಸ್ಟರು ಪೂರ್ತಿ ಓದಿ ತಲೆಯಾಡಿಸಿದರು.

“ಇದನ್ನ ಒಪ್ಪಿದ್ರೆ ನೀವೊಬ್ರೇ ಇಬ್ಬರಷ್ಟು ಆಡಿದ ಹಾಗಾಗುತ್ತೆ. ಮಿಕ್ಕವರಿಗೆ ಅನ್ಯಾಯ.”

“ಅದು ಮಾತು ಕೇಳದೆ ಇರೋದೂ ಬರೆದಿದೀನಲ್ಲ. ಅದಕ್ಕೂ ಇದಕ್ಕೂ ಸರಿಹೋಯ್ತು.”

“ಮಾತು ಕೇಳದೆ ಇರೋ ಪ್ರಾಣಿ ಇಟ್ಕೊಂಡು ಏನ್ ಪ್ರಯೋಜನ?” ಎಂದರು ಗಣಿತದ ಮೇಷ್ಟ್ರು. ಅವರು ಕೆಣಕಲಿಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

“ಒಂದು ಕುರೀಗೋಸ್ಕರ ಭಾನುವಾರ ಎಲ್ಲ ಹಾಳಾಯ್ತು,” ಎಂದರು ಸ್ಟೋರ್ಸಿನವರು. “ಹೆಂಗಸರನ್ನ ಸೇರಿಸ್ಕೊಂಡ್ರೆ ಹೀಗೇ.”

ಅವರನ್ನೇ ನೋಡಿ ಹೇಳಿದೆ. “ಹೆಂಗಸು ಅಂತ ನಾನು ಹೇಳ್ತಿಲ್ಲ. ಕುರಿ ಸಾಕಿದೋಳು ಅಂತ ಹೇಳ್ತಿದೀನಿ. ನಿಮ್ಮಲ್ಲಿ ಯಾರು ಸಾಕಿದೀರಿ?”

ಮಾಸ್ಟರು ನನ್ನ ಹಾಳೆಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟರು. ನಾನು ಎದ್ದು ಹೋಗಲಿಲ್ಲ. ಎದ್ದು ಹೋದರೆ ಅವರಿಗೆ ಸುಲಭವಾಗುತ್ತಿತ್ತು. ಅಂದಿನಿಂದ ನಾಲ್ಕು ಭಾನುವಾರ, ನನ್ನ ಸರದಿ ಮುಗಿದ ತಕ್ಷಣ, “ಈಗ ಟಗರಿನ ಸರದಿ,” ಎನ್ನುತ್ತಿದ್ದೆ. ಮಾಸ್ಟರು, “ಇಲ್ಲ,” ಎನ್ನುತ್ತಿದ್ದರು. “ಇಲ್ಲ ಅಂದದ್ದನ್ನ ಬರ್ಕೊಳ್ಳಿ,” ಎನ್ನುತ್ತಿದ್ದೆ. ಆಟ ಮುಂದಕ್ಕೆ ಹೋಗುತ್ತಿತ್ತು. ಅವರಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು. ಆದರೆ ಬಿಡಲು ನಾನು ತಯಾರಿರಲಿಲ್ಲ.

ಅಷ್ಟರಲ್ಲಿ ಬೇರೆ ಕಡೆ ಬೆಂಕಿ ಹತ್ತಿತ್ತು. ನಮ್ಮ ಊರಿನವನೊಬ್ಬ ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದ. ಅವನು ಊರಿಗೆ ಹೋದಾಗ, ನಿಮ್ಮ ಮಗಳು ಭಾನುವಾರ ಭಾನುವಾರ ಗಂಡಸರ ಜೊತೆ ಕೂತು ಜೂಜಾಡುತ್ತಾಳೆ ಎಂದು ಅವ್ವನಿಗೆ ಹೇಳಿದ್ದ. ವಠಾರದ ಯಜಮಾನಿಯೂ ಒಮ್ಮೆ ನಾನು ತಂದಿಟ್ಟಿದ್ದ ಬಿಲ್ಲೆ ಚೀಲ ನೋಡಿ ಮೂಗು ಮುರಿದಿದ್ದರು.

ಒಂದು ಭಾನುವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ಬಡಿಯಿತು. ತೆಗೆದರೆ ಅವ್ವ. ನರಸೀಪುರದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಜೂಜಾಡ್ತಿದ್ದೀಯಂತೆ. ಇದ್ಕಾ ನಿನ್ನ ಓದ್ಸಿದ್ದು?”

“ಜೂಜಲ್ಲ ಕಣವ್ವ.”

“ಇನ್ನೇನು? ಊರೊಳಗೆ ತಲೆ ಎತ್ಕಂಡ್ ತಿರುಗಾಕಿಲ್ಲದಂಗೆ ಮಾಡ್ಬುಟ್ಟೆ.”

ಹೇಳಿ ನಂಬಿಸಲು ಆಗುವುದಿಲ್ಲ ಎಂದು ಗೊತ್ತಾಯಿತು. “ಬಾ, ನೀನೇ ನೋಡು,” ಎಂದು ಕೈಹಿಡಿದು ಮೇಷ್ಟ್ರ ಮನೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವ್ವ ಬಯ್ಯುತ್ತಲೇ ಬಂದಳು. ನಾನು ಒಂದಕ್ಕೂ ಉತ್ತರ ಕೊಡಲಿಲ್ಲ.

ಹಜಾರದಲ್ಲಿ ಮೂವರೂ ಕುಳಿತಿದ್ದರು. ಅವ್ವನನ್ನು ನೋಡಿ ಎದ್ದು ನಿಂತರು. ಮೇಷ್ಟ್ರು ಕುರ್ಚಿ ಎಳೆದು ಹಾಕಿದರು. ಅವ್ವ ಕುಳಿತುಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಹಾಳೆ, ಪೆನ್ಸಿಲು, ಬಿಲ್ಲೆಗಳನ್ನು ಒಂದೊಂದಾಗಿ ನೋಡಿದಳು. ಗೆದ್ದವರಿಗೆ ಏನು ಸಿಗುತ್ತದೆ ಎಂದು ಕೇಳಿದಳು. ಏನೂ ಇಲ್ಲ ಎಂದರು ಮಾಸ್ಟರು. ಅವ್ವನಿಗೆ ಅದು ಜೂಜಿಗಿಂತಲೂ ವಿಚಿತ್ರವೆನಿಸಿರಬೇಕು.

“ಏನೂ ಸಿಗ್ದಿದ್ ಮೇಲೆ ಯಾತುಕ್ಕೆ ಜಗಳಾಡ್ತೀರಿ? ಹೊರಗಡೀಕ್ ಕೇಳ್ತಿತ್ತು ನಿಮ್ ಸದ್ದು.”

“ನಿಮ್ಮ ಮಗಳ ಟಗರಿನ ವಿಷಯಕ್ಕೆ ಅಮ್ಮ,” ಎಂದು ಮಾಸ್ಟರು ತಡವರಿಸಿದರು. “ಅವರು ಇಲ್ದಾಗಲೂ ಚರ್ಚೆ ಅದರದ್ದೇ.”

“ಯಾವ್ ಟಗರು?”

ನಾನು ಹೇಳಿದೆ. “ನಮ್ ಟಗರು ಕಣವ್ವ. ತಿಪ್ಪೇಗೆ ಬೀಳಿಸಿದ್ದು.”

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಆ ಕುರ್ಚಿಯ ಮೇಲೆ ಕುಳಿತಳು.

ಮಾಸ್ಟರು ಒಳ್ಳೆಯ ಮನುಷ್ಯ, ಅದನ್ನು ಒಪ್ಪಬೇಕು. ನನ್ನ ಮಾತಿಗೆ ಬಗ್ಗದಿದ್ದರೂ ನನ್ನ ತಾಯಿಯ ಮಾತನ್ನು ನಿಜವಾಗಿ ಕೇಳಿಸಿಕೊಂಡರು. ಪೆನ್ಸಿಲ್ ಹಿಡಿದು, “ಅಮ್ಮ, ಕೊಂಬಿಲ್ದೆ ಇರೋ ಟಗರು ಹೊಡೆದ್ರೆ ಏನಾಗುತ್ತೆ?” ಎಂದು ಕೇಳಿದರು.

“ಕೊಂಬಲ್ಲ ಕಣಪ್ಪ ಒಡಿಯಾದು, ಅಣೆ,” ಎಂದು ಅವ್ವ ತನ್ನ ಹಣೆಯನ್ನೇ ಗೆಣ್ಣಿನಿಂದ ಕುಟ್ಟಿ ತೋರಿಸಿದಳು. “ಕಲ್ಲಿದ್ದಂಗಿರ್ತದೆ. ಮೊದ್ಲು ಇಂದ್ಕೆ ಓಯ್ತದೆ. ಎದ್ರಿಕಂಡ್ತು ಅನ್ಕಂಡ್ರೆ ನೀನು ಕೆಟ್ಟೆ. ಜಾಗ ಬೇಕು ಅದ್ಕೆ. ಗ್ವಾಡೆಗ್ ಒತ್ತಿ ನಿಲ್ಸ್‌ಬುಟ್ರೆ ಏನೂ ಮಾಡಾಕಿಲ್ಲ.”

“ನೀವು ಹೊಡಿ ಅಂದ್ರೆ ಹೊಡೆಯುತ್ತಾ?”

ಅವ್ವ ನಕ್ಕುಬಿಟ್ಟಳು. “ನಾನ್ ಏಳುದ್ರೆ ಒಡಿಯಾಕೆ ಅದೇನು ಆಳಾ? ಆಳೂ ಎಲ್ಲಾ ಮಾತ್ಗೂ ಬಗ್ಗಾಕಿಲ್ಲ ಕಣಪ್ಪ. ನಾನೇ ಆಳು, ನಂಗ್ ಗೊತ್ತಿಲ್ವಾ? ಇಷ್ಟ ಇದ್ರೆ ಮಾಡ್ತದೆ, ಇಲ್ದಿದ್ರೆ ಹುಲ್ಲು ತಿನ್ಕಂಡ್ ನಿಂತಿರ್ತದೆ.”

“ಹಾಗಾದ್ರೆ ಅದನ್ನ ನಂಬೋದು ಹೇಗೆ?” ಎಂದರು ಮೇಷ್ಟ್ರು.

“ನಂಬು ಅಂತ ಅದು ಯಾವತ್ತು ಏಳ್ತು ಮೇಷ್ಟ್ರೇ? ಸಾಕಿದ್ರೆ ಜೊತೇಲಿರ್ತದೆ. ಅಷ್ಟೇಯ.”

ಸ್ಟೋರ್ಸಿನವರು ಮೀಸೆ ಸವರಿಕೊಂಡರು. ಮಾಸ್ಟರು ನನ್ನ ಹಾಳೆಯನ್ನು ಮತ್ತೆ ತೆಗೆದು, ಒಂದೊಂದು ಸಾಲಿನ ಮೇಲೂ ಪೆನ್ಸಿಲ್ ಓಡಿಸಿದರು. ಅವ್ವ ಹೇಳಿದ್ದೆಲ್ಲ ಅದರಲ್ಲಿತ್ತು. ಕೊನೆಗೆ, “ಸರಿ, ಇವತ್ತು ಆಡಿ ನೋಡೋಣ,” ಎಂದರು.

ಅವತ್ತಿನ ಯುದ್ಧ ಒಂದು ಕಾಡುಹಂದಿಯ ಜೊತೆ. ನಾನು ಬಾಣ ಬಿಟ್ಟೆ, ತಪ್ಪಿತು. ಆಮೇಲೆ ಮಾಸ್ಟರು ಮೊದಲ ಬಾರಿಗೆ, “ಈಗ ಟಗರಿನ ಸರದಿ,” ಎಂದರು. ಚೀಲವನ್ನು ಅವ್ವನ ಮುಂದೆ ಹಿಡಿದರು. ಅವ್ವ ಕೈಹಾಕಿ ಒಂದು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು. ಮೂರು.

“ಅಯ್ಯೋ!” ಎಂದು ಸ್ಟೋರ್ಸಿನವರು ನಕ್ಕರು. “ಇಷ್ಟಕ್ಕೇನಾ ತಿಂಗಳೆಲ್ಲ ಕುಸ್ತಿ ಹಿಡಿದದ್ದು? ಹೊಡಿಯಲ್ವಂತೆ ನಿಮ್ಮ ಟಗರು!”

“ಹೌದು, ಇಷ್ಟಕ್ಕೇ,” ಎಂದೆ. “ಹೊಡೀದೆ ಇರೋದೂ ಅದರ ಕೈಲೇ ಇರಬೇಕು ಅಂತಾನೇ.”

ಮೂರರ ಅರ್ಥ ಕೇಳಿ ತಿಳಿದ ಮೇಲೆ ಅವ್ವನಿಗೆ ಬಹಳ ಸಂತೋಷವಾಯಿತು. “ಸರ್ಯಾಗದೆ ನಿಮ್ ಆಟ,” ಎಂದಳು. ಮೇಷ್ಟ್ರ ಹೆಂಡತಿ ಕೊಟ್ಟ ಉಪ್ಪಿಟ್ಟು ತಿಂದು, ಎರಡು ಗಂಟೆಯ ಬಸ್ಸಿಗೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಡೆ ತಿರುಗಿ, “ಅವ್ನು ಇನ್ನೊಂದ್ಸಲ ಜೂಜು ಅಂತ ಬರ್ಲಿ, ನಾನ್ ನೋಡ್ಕತೀನಿ,” ಎಂದಳು. ಪ್ಯಾಕಿಂಗಿನವನು ಆಮೇಲೆ ಊರಿನಲ್ಲಿ ನಮ್ಮ ಮನೆ ಮುಂದೆ ಓಡಾಡುವುದನ್ನೇ ಬಿಟ್ಟನಂತೆ.

ಅಲ್ಲಿಂದ ಏಳೆಂಟು ತಿಂಗಳು ಆಟ ಚೆನ್ನಾಗಿ ನಡೆಯಿತು. ನನ್ನ ಟಗರು ಕೆಲವು ಸಲ ಹೊಡೆಯಿತು, ಕೆಲವು ಸಲ ಹೊಡೆಯಲಿಲ್ಲ. ಇಕ್ಕಟ್ಟಿನ ಸುರಂಗಗಳಲ್ಲಿ ಅದು ಯಾವ ಕೆಲಸಕ್ಕೂ ಬಾರದೆ ಸುಮ್ಮನೆ ನಮ್ಮ ಹಿಂದೆ ನಡೆದು ಬರುತ್ತಿತ್ತು. ಒಮ್ಮೆ ಮೇಷ್ಟ್ರ ಪಾತ್ರವನ್ನು ಹಾವಾಡಿಗನೊಬ್ಬನಿಂದ ಉಳಿಸಿತು. ಅಂದಿನಿಂದ ಮೇಷ್ಟ್ರು ತಮ್ಮ ಬುತ್ತಿಯಲ್ಲಿ ಅದಕ್ಕೊಂದು ಪಾಲು ಎಂದು ತಮ್ಮ ಹಾಳೆಯಲ್ಲಿ ಬರೆದುಕೊಂಡರು. ಸ್ಟೋರ್ಸಿನವರು ಮಾತ್ರ ಕೊನೆಯವರೆಗೂ ಅದನ್ನು ಬಿರಿಯಾನಿ ಎಂದೇ ಕರೆದರು. ಕರೆಯಲಿ ಎಂದು ಬಿಟ್ಟೆ.

ಮಳೆಗಾಲ ಮುಗಿಯುತ್ತ ಬಂದಿತ್ತು. ಆ ಭಾನುವಾರ ಕತೆಯಲ್ಲಿ ನಾವು ಒಂದು ಕಂದರದ ಅಂಚಿಗೆ ಬಂದಿದ್ದೆವು. ದಾಟಲು ಹಗ್ಗದ ಸೇತುವೆ. ನಡುವೆ ಬಂದಾಗ ಎದುರಿನಿಂದ ರಾಕ್ಷಸನೊಬ್ಬ ಸೇತುವೆಗೆ ಕಾಲಿಟ್ಟ. ಅವನ ಮೊದಲ ಏಟಿಗೇ ನನ್ನ ಬೇಟೆಗಾತಿ ಪ್ರಜ್ಞೆತಪ್ಪಿ ಬಿದ್ದಳು. ಎರಡನೆಯ ಸುತ್ತಿನಲ್ಲಿ ಸ್ಟೋರ್ಸಿನವರ ಕತ್ತಿ ಕೆಳಗೆ ಬಿತ್ತು. ಮೇಷ್ಟ್ರು ಹಗ್ಗಕ್ಕೆ ಜೋತು ಬಿದ್ದಿದ್ದರು.

“ನನ್ನ ಸರದಿ ಇಲ್ಲ, ಬಿದ್ದಿದೀನಿ,” ಎಂದೆ.

“ನಿಮ್ಮದಿಲ್ಲ,” ಎಂದರು ಮಾಸ್ಟರು. “ಟಗರಿನದಿದೆ.”

ಪುಸ್ತಕದ ನಿಯಮದ ಪ್ರಕಾರವಾಗಿದ್ದರೆ, ಅಪ್ಪಣೆ ಕೊಡುವವಳು ಬಿದ್ದ ಮೇಲೆ ಅದು ಅಲ್ಲಿಯೇ ಗೊಂಬೆಯ ಹಾಗೆ ನಿಂತಿರಬೇಕಿತ್ತು. ಮಾಸ್ಟರು ಗ್ರಾಫ್ ಹಾಳೆಯ ಮೇಲೆ ಚೌಕಗಳನ್ನು ಎಣಿಸಿದರು. ಟಗರಿನ ಹಿಂದೆ ಸೇತುವೆ ಹನ್ನೆರಡು ಹೆಜ್ಜೆ ಉದ್ದವಿತ್ತು. ನಾನು ಚೀಲಕ್ಕೆ ಕೈಹಾಕಿದೆ. ಹದಿನೇಳು.

ಟಗರು ಹಿಂದೆ ಹಿಂದೆ ಹೋಗಿದ್ದನ್ನು, ಹಲಗೆಗಳು ಅದರ ಗೊರಸಿನ ಕೆಳಗೆ ಸದ್ದು ಮಾಡಿದ್ದನ್ನು ಮಾಸ್ಟರು ಬಹಳ ನಿಧಾನವಾಗಿ ಹೇಳಿದರು. ಹೊಡೆತಕ್ಕೆ ರಾಕ್ಷಸ ತೂಕ ತಪ್ಪಿ ಕಂದರಕ್ಕೆ ಬಿದ್ದ. ಓಡಿ ಬಂದ ರಭಸಕ್ಕೆ ಟಗರೂ ನಿಲ್ಲಲಿಲ್ಲ. ಉಳಿಯುತ್ತದೆಯೇ ಎಂದು ಇನ್ನೊಂದು ಬಿಲ್ಲೆ ತೆಗೆಯಬೇಕಿತ್ತು. ತೆಗೆದೆ. ಎರಡು.

ಸ್ಟೋರ್ಸಿನವರು ಬಿರಿಯಾನಿ ಎನ್ನಲಿಲ್ಲ.

ಮಾಸ್ಟರು ಪುಸ್ತಕದ ಪುಟ ತಿರುವಿ, “ನೋಡಿ, ಪುಸ್ತಕದಲ್ಲಿ ದಾರಿ ಇದೆ. ಒಂದು ದಿನ ಕಾಡಿನಲ್ಲಿ ಪ್ರಾರ್ಥನೆ ಮಾಡಿದ್ರೆ ಅದೇ ಥರದ್ದು ಇನ್ನೊಂದು ಕೊಡಬಹುದು. ನಾನು ಬೇಡ ಅನ್ನಲ್ಲ,” ಎಂದರು.

“ಬೇಡ.”

“ಮುಂದೆ ಇನ್ನೂ ಕಷ್ಟ ಇದೆ ಕಣ್ರೀ. ಪ್ರಾಣಿ ಇಲ್ದೆ ನಿಮ್ಮ ಪಾತ್ರ ತುಂಬ ಬಡಕಲಾಗುತ್ತೆ.”

“ಆಗಲಿ.”

“ಇದು ಆಟ ಅಲ್ವೇನ್ರೀ,” ಎಂದರು ಮೇಷ್ಟ್ರು ಮೆಲ್ಲಗೆ.

“ಆಟಾನೇ ಸಾರ್. ಆಟ ಅಂತ ಗೊತ್ತಿದ್ದೇ ಹೇಳ್ತಿದೀನಿ. ಸತ್ತರೆ ಸತ್ತಿತು ಅಂತ ನಾನೇ ಬರೆದಿದೀನಿ. ನನಗೆ ಅನುಕೂಲ ಆಗ್ಲಿಲ್ಲ ಅಂತ ಈಗ ತಿದ್ದಲ್ಲ.”

ತೋಳ ತೆಗೆದುಕೊಳ್ಳಿ, ಗಿಡುಗ ತೆಗೆದುಕೊಳ್ಳಿ ಎಂದು ಮುಂದಿನ ಎರಡು ಮೂರು ವಾರ ಮೂವರೂ ಹೇಳಿ ನೋಡಿದರು. ತೆಗೆದುಕೊಳ್ಳಲಿಲ್ಲ. ಆ ಕತೆ ಮುಗಿಯುವವರೆಗೂ ನನ್ನ ಬೇಟೆಗಾತಿ ಒಬ್ಬಳೇ ನಡೆದಳು, ಎಲ್ಲರಿಗಿಂತ ಹೆಚ್ಚು ಏಟು ತಿಂದಳು. ಎರಡು ಸಲ ಸಾಯುವ ಹಂತಕ್ಕೆ ಬಂದಳು.

ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕುಳಿತಿದ್ದಳು.

“ಓಡಾಕೆ ಜಾಗ ಇತ್ತಾ?” ಎಂದು ಕೇಳಿದಳು.

“ಹನ್ನೆರಡ್ ಎಜ್ಜೆ ಇತ್ತು.”

“ಅಂಗಾರೆ ಸರಿ,” ಎಂದು ಮೊರವನ್ನು ಕೊಡವಿದಳು.

ಮಾರನೆಯ ವರ್ಷ ಎಂಜಿನಿಯರಿಗೆ ಗುಜರಾತಿನ ಕಡೆ ಬೇರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಜೆರಾಕ್ಸ್ ಪುಸ್ತಕವನ್ನು ನನಗೆ ಕೊಟ್ಟರು. ಜೊತೆಪ್ರಾಣಿಗಳ ಪುಟದಲ್ಲಿ ಅವರು ತಮ್ಮ ಕೈಯಾರೆ ಹಳೆಯ ನಿಯಮದ ಮೇಲೆ ಅಡ್ಡ ಗೆರೆ ಎಳೆದು, ಅಂಚಿನಲ್ಲಿ ನನ್ನದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದಿದ್ದರು. ಯಾರು ಬರೆದದ್ದೆಂದು ಹೇಳಿರಲಿಲ್ಲ. ಪೆನ್ನು ತೆಗೆದು, ಅವರ ಎದುರಿಗೇ ಕೆಳಗೆ ನನ್ನ ಹೆಸರನ್ನೂ ಅವ್ವನ ಹೆಸರನ್ನೂ ಕನ್ನಡದಲ್ಲಿ ಬರೆದೆ. ಅವರು ಸ್ವಲ್ಪ ನಾಚಿಕೊಂಡು, “ಬರೀಬೇಕಾಗಿತ್ತು, ಮರೆತೆ,” ಎಂದರು. ಮರೆತರೋ, ಹೊಳೆಯಲೇ ಇಲ್ಲವೋ, ಕೇಳಲಿಲ್ಲ.

ಮೇಷ್ಟ್ರ ಹಜಾರದ ಆಟ ಅಲ್ಲಿಗೆ ನಿಂತಿತು. ನಾನು ನಿಲ್ಲಿಸಲಿಲ್ಲ. ಲ್ಯಾಬಿನ ಇಬ್ಬರು ಹೆಂಗಸರನ್ನೂ ಮೇಷ್ಟ್ರ ಹೆಂಡತಿಯನ್ನೂ ಸೇರಿಸಿಕೊಂಡು ನನ್ನ ಕೋಣೆಯಲ್ಲೇ ಶುರು ಮಾಡಿದೆ. ವಠಾರದ ಯಜಮಾನಿ, ನಮ್ಮ ಮನೆಯಲ್ಲಿ ಇದೆಲ್ಲ ನಡೆಯಕೂಡದು ಎಂದರು. ಒಂದು ಸಲ ವಿವರಿಸಿದೆ, ಎರಡು ಸಲ ವಿವರಿಸಿದೆ. ಮೂರನೆಯ ಸಲ ಹಾಸಿಗೆ, ಪಾತ್ರೆ ಕಟ್ಟಿಕೊಂಡು ರೈಲ್ವೆ ಸ್ಟೇಷನ್ನಿನ ಕಡೆ ಬೇರೆ ಮನೆ ಹಿಡಿದೆ. ಅಲ್ಲಿ ಬೆಳಕು ಚೆನ್ನಾಗಿತ್ತು.

ಈಗ ಮಾಸ್ಟರು ನಾನು. ಮೊದಲ ದಿನವೇ ಲ್ಯಾಬಿನ ಹಿರಿಯ ಹೆಂಗಸು, ಎರಡು ಮಕ್ಕಳ ತಾಯಿ, ತಮ್ಮ ಪಾತ್ರದ ಜೊತೆಗೆ ಬೆಕ್ಕು ಬೇಕು ಎಂದರು. ಹುಲಿಯಂಥ ಬೆಕ್ಕೇ ಎಂದು ಕೇಳಿದೆ. ಅಲ್ಲ, ಮನೆ ಬೆಕ್ಕು. ಯುದ್ಧದಲ್ಲಿ ಅದು ಏನು ಮಾಡುತ್ತದೆ ಎಂದೆ.

“ಏನೂ ಮಾಡಲ್ಲ,” ಎಂದರು ಅವರು, ಗದ್ದ ಎತ್ತಿ. “ನನ್ನ ಚೀಲದೊಳಗೆ ಮಲಗಿರುತ್ತೆ. ಯಾಕೆ, ಮಲಗಬಾರದಾ?”

ಪುಸ್ತಕದಲ್ಲಿ ಅಂಥದಕ್ಕೆ ಯಾವ ನಿಯಮವೂ ಇರಲಿಲ್ಲ. ಅಂಚಿನಲ್ಲಿ ಹೊಸದೊಂದನ್ನು ಬರೆಯಲು ನಾನು ಪೆನ್ನಿನ ಮುಚ್ಚಳ ತೆಗೆದು, ಚೀಲದಲ್ಲಿ ಮಲಗಿದ ಬೆಕ್ಕಿನ ತೂಕ ಎಷ್ಟಿರಬಹುದು ಎಂದು ಅವರನ್ನೇ ಕೇಳಿದೆ.